ಬೆಂಗ್ರೆಯ ಮರಳಿನ ಮೇಲೊಂದು ಮಂಜುಗಡ್ಡೆ ಕಾರ್ಖಾನೆ: ಕಸುಬು ಹೂಡುವ ಮುನ್ನ ತಿಳಿಯಬೇಕಾದ ಪರಿಸರ ಕಾಯಿದೆಗಳು



ಮಂಗಳೂರಿನ ಹಳೆಯ ಬಂದರಿನ ದಕ್ಕೆಯಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ಹೊಳೆಯ ಆಚೆ ತೆಂಗಿನ ಮರಗಳ ಉದ್ದನೆಯ ಸಾಲೊಂದು ಕಾಣುವುದು. ಅದೇ ಬೆಂಗ್ರೆ. ಅದರ ಒಂದು ಮಗ್ಗುಲಲ್ಲಿ ಫಲ್ಗುಣಿ ಎಂದೂ ಹೆಸರುಳ್ಳ ಗುರುಪುರ ಹೊಳೆ, ಇನ್ನೊಂದು ಮಗ್ಗುಲಲ್ಲಿ ಅರಬೀ ಸಮುದ್ರ, ತೆಂಕಣ ತುದಿಯಲ್ಲಿ ನೇತ್ರಾವತಿಯೂ ಬಂದು ಕೂಡುವ ಅಳಿವೆ. ಕಸಬಾ ಬೆಂಗ್ರೆ, ತೋಟ ಬೆಂಗ್ರೆ ಎಂಬ ಭಾಗಗಳಲ್ಲಿ ಮೊಗವೀರರೂ ಬ್ಯಾರಿಗಳೂ ಮೀನುಗಾರಿಕೆಯನ್ನೇ ನೆಚ್ಚಿಕೊಂಡು ಬಾಳುತ್ತಿದ್ದಾರೆ. ಬಂದರಿನಿಂದ ದೋಣಿಯಲ್ಲಿ ಹೋದರೆ ಕೆಲವೇ ನಿಮಿಷಗಳ ದಾರಿ. ರಸ್ತೆ ಹಿಡಿದರೆ ಕೂಳೂರು, ತಣ್ಣೀರುಬಾವಿಗಳನ್ನು ಸುತ್ತಿಕೊಂಡು ಹೋಗಬೇಕು. ಊರು ನಗರಪಾಲಿಕೆಯ ಸರಹದ್ದಿಗೆ ಸೇರಿದ್ದರೂ ಅಲ್ಲಿನ ಜೀವನ ನಮ್ಮ ಕಡಲತಡಿಯ ಹಳ್ಳಿಗಳ ಜೀವನವೇ. ಆದುದರಿಂದ ಈ ಸಲದ ಪಾಠಕ್ಕೆ ಆ ಊರನ್ನೇ ಆರಿಸಿಕೊಂಡಿದ್ದೇವೆ.

ಬೆಂಗ್ರೆಯ ಒಬ್ಬಾತನು, ಹೆಸರು ಯಾವುದಾದರೂ ಇರಲಿ, ಬೋಟಿನಲ್ಲಿ ದುಡಿದು ಕೂಡಿಸಿದ ಹಣ, ಹೆಂಡತಿಯ ಬಂಗಾರ, ಬ್ಯಾಂಕಿನ ಸಾಲ ಇವು ಮೂರನ್ನೂ ಸೇರಿಸಿ ದಿನಕ್ಕೆ 10 ಟನ್ನಿನ ಒಂದು ಮಂಜುಗಡ್ಡೆ ಕಾರ್ಖಾನೆ ಹಾಕಬೇಕೆಂದಿರುವನು ಎಂದಿಟ್ಟುಕೊಳ್ಳಿ. ಬೂತಾಯಿ, ಬಂಗುಡೆ ಹೇರಳವಾಗಿ ಬಿದ್ದ ದಿನ ಮಂಜುಗಡ್ಡೆಗೆ ಪರದಾಟ. ಹೀಗಿರುವಾಗ ಯೋಚನೆ ಕೆಟ್ಟದ್ದೇನಲ್ಲ. ಆದರೆ ಆತನು ಮೊದಲು ಮೇಸ್ತ್ರಿಯನ್ನು ಕರೆಯುವನೋ, ಮೊದಲು ನಕ್ಷೆಯನ್ನು ಕೇಳುವನೋ ಎಂಬುದರ ಮೇಲೆ ಆ ಮನೆಯ ಮುಂದಿನ ಹತ್ತು ವರುಷ ನಿಂತಿದೆ. ಗೋಡೆ ಎದ್ದು, ಯಂತ್ರ ಬಂದಿಳಿದ ಮೇಲೆ ಕೆಲಸ ನಿಲ್ಲಿಸಿರೆಂದು ನೋಟೀಸು ಬಂದಿತೆನ್ನಿ. ಕಾರ್ಖಾನೆ ನಿಲ್ಲುವುದು, ಬ್ಯಾಂಕಿನ ಕಂತು ಮಾತ್ರ ನಿಲ್ಲುವುದಿಲ್ಲ.

ಮೊದಲನೆಯ ವಿಷಯ ಜಾಗದ್ದು. ಭೋಪಾಲದಲ್ಲಿ 1984ರಲ್ಲಿ ವಿಷಾನಿಲದ ದುರಂತ ನಡೆದ ಬಳಿಕ ಪಾರ್ಲಿಮೆಂಟು 1986ರಲ್ಲಿ ಪರಿಸರ ಸಂರಕ್ಷಣಾ ಕಾಯಿದೆಯನ್ನು ಮಾಡಿತು. ಆ ಕಾಯಿದೆಯ ಆಧಾರದಿಂದ ಕೇಂದ್ರ ಸರಕಾರವು 1991ರ ಫೆಬ್ರವರಿ 19ರಂದು ಕರಾವಳಿ ನಿಯಂತ್ರಣ ವಲಯದ ಪ್ರಕಟಣೆಯನ್ನು ಹೊರಡಿಸಿತು. ನಮ್ಮ ಕಡೆ ಎಲ್ಲರ ಬಾಯಲ್ಲೂ ಇರುವ 'ಸಿ.ಆರ್.ಝಡ್.' ಎಂಬುದು ಇದೇ. ಇದನ್ನು 2011ರಲ್ಲೊಮ್ಮೆ ಬದಲಿಸಿ ಬರೆದರು. 2019ರ ಜನವರಿ 18ರಂದು ಮತ್ತೊಮ್ಮೆ ಬರೆದರು. ಹಿಂದೆ ಯಾರೋ ಹೇಳಿದ 'ಇಷ್ಟು ಮೀಟರು' ಎಂಬ ಲೆಕ್ಕವನ್ನು ಇಂದಿಗೂ ನಂಬಿಕೊಂಡವರು ಬಹಳ ಮಂದಿ ಇದ್ದಾರೆ. ಲೆಕ್ಕ ಬದಲಾಗಿದೆ.

ಎಲ್ಲ ಅಳತೆಯೂ ಹೊರಡುವುದು ಉಬ್ಬರದ ಗೆರೆಯಿಂದ. ಅಮಾವಾಸ್ಯೆ ಹುಣ್ಣಿಮೆಗಳ ಸುಮಾರಿಗೆ ಬರುವ ದೊಡ್ಡ ಉಬ್ಬರದಲ್ಲಿ ನೀರು ನೆಲದ ಮೇಲೆ ಎಲ್ಲಿಯವರೆಗೆ ಏರುವುದೋ ಅದೇ ಆ ಗೆರೆ. ಇದನ್ನು ನಾವು ನೀವು ಕಣ್ಣಂದಾಜಿನಿಂದ ಹೇಳುವಂತಿಲ್ಲ. ಚೆನ್ನೈಯಲ್ಲಿರುವ ರಾಷ್ಟ್ರೀಯ ಸುಸ್ಥಿರ ಕರಾವಳಿ ನಿರ್ವಹಣಾ ಕೇಂದ್ರದವರು ಗುರುತಿಸಿದ ಗೆರೆಯೇ ಪ್ರಮಾಣ. ಸಮುದ್ರದ ಕಡೆ ಆ ಗೆರೆಯಿಂದ 500 ಮೀಟರಿನವರೆಗಿನ ನೆಲವೆಲ್ಲ ನಿಯಂತ್ರಣಕ್ಕೆ ಸೇರುವುದು. ಉಬ್ಬರವಿಳಿತ ಇರುವ ಹೊಳೆಯ ದಂಡೆಯಲ್ಲಾದರೆ 2019ರ ಪ್ರಕಟಣೆಯಂತೆ 50 ಮೀಟರು, ಇಲ್ಲವೆ ಹೊಳೆಯ ಅಗಲ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. 2011ರ ಪ್ರಕಟಣೆಯಲ್ಲಿ 50 ಇದ್ದ ಕಡೆ 100 ಇತ್ತು. ಬೆಂಗ್ರೆಯಂಥ ನೀಳವಾದ ಮರಳುದಿಣ್ಣೆಯಲ್ಲಿ ಒಂದು ಕಡೆಯ ಅಳತೆ ತಪ್ಪಿದರೆ ಇನ್ನೊಂದು ಕಡೆಯ ಅಳತೆ ಹಿಡಿಯುವುದು. ಹೆಚ್ಚಿನ ನೆಲವು ನಿಯಂತ್ರಣದ ಒಳಗೇ ಬೀಳುವುದು ಸಹಜ.

ಒಳಗೆ ಬಿದ್ದ ಮಾತ್ರಕ್ಕೆ ಏನೂ ಕಟ್ಟಬಾರದೆಂದಲ್ಲ. ನೆಲವನ್ನು ನಾಲ್ಕು ವರ್ಗ ಮಾಡಿದ್ದಾರೆ. ಕಾಂಡ್ಲಾ ಕಾಡು, ಆಮೆ ಮೊಟ್ಟೆಯಿಡುವ ದಂಡೆ, ಉಬ್ಬರ ಇಳಿತಗಳ ನಡುವಿನ ಪಟ್ಟಿ ಇವು ಒಂದನೆಯ ವರ್ಗ; ಇಲ್ಲಿ ಬಿಗಿ ಹೆಚ್ಚು. ಊರು ತುಂಬಿ ಬೆಳೆದ ನಗರಪ್ರದೇಶ ಎರಡನೆಯದು. ಗ್ರಾಮಪ್ರದೇಶ ಮೂರನೆಯದು. ಸಮುದ್ರದ ಮತ್ತು ಹೊಳೆಯ ನೀರು ನಾಲ್ಕನೆಯದು. ನಮ್ಮ ಹಳ್ಳಿಗಳಿಗೆ ಹೆಚ್ಚಾಗಿ ಅನ್ವಯಿಸುವ ಮೂರನೆಯದರಲ್ಲಿ ಮತ್ತೆ ಎರಡು ಬಗೆ. 2011ರ ಜನಗಣತಿಯ ಪ್ರಕಾರ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನರಿರುವಲ್ಲಿ ಉಬ್ಬರದ ಗೆರೆಯಿಂದ 50 ಮೀಟರು ಕಟ್ಟಡವಿಲ್ಲದ ಪಟ್ಟಿ. ಅಷ್ಟು ಜನರಿಲ್ಲದಲ್ಲಿ 200 ಮೀಟರು. ತಮ್ಮ ಸರ್ವೆ ನಂಬ್ರವು ಯಾವ ವರ್ಗದಲ್ಲಿದೆಯೆಂಬುದು ಕರಾವಳಿ ವಲಯ ನಿರ್ವಹಣಾ ನಕ್ಷೆಯಲ್ಲಿ ಇರುತ್ತದೆ. ನೆರೆಮನೆಯವನು ಕಟ್ಟಿದ್ದಾನೆ, ನನಗೇಕೆ ಬಾರದು ಎಂದು ವಾದಿಸುವವರಿಗೆ ನಾವು ಹೇಳುವುದಿಷ್ಟೇ: ಅವನಿಗೆ ನೋಟೀಸು ಬಂದಿಲ್ಲವೆಂಬುದು ತಮಗೆ ಕೊಟ್ಟ ಪರವಾನಗಿಯಲ್ಲ.

ನಮ್ಮ ಮಂಜುಗಡ್ಡೆಯವನಿಗೆ ಸಮಾಧಾನದ ಸುದ್ದಿಯೊಂದಿದೆ. ಕಟ್ಟಡವಿಲ್ಲದ ಪಟ್ಟಿಯಲ್ಲಿಯೂ ಸ್ಥಳೀಯ ಮೀನುಗಾರ ಸಮುದಾಯಕ್ಕೆ ಅಗತ್ಯವಾದ ಕೆಲವು ಅನುಕೂಲತೆಗಳಿಗೆ ಪ್ರಕಟಣೆ ಅವಕಾಶವಿಟ್ಟಿದೆ: ಮೀನು ಒಣಗಿಸುವ ಅಂಗಳ, ಹರಾಜು ಕಟ್ಟೆ, ಬಲೆ ನೇಯುವ ಮತ್ತು ರಿಪೇರಿ ಮಾಡುವ ಜಾಗ, ಸಾಂಪ್ರದಾಯಿಕ ದೋಣಿ ಕಟ್ಟುವ ಅಂಗಳ, ಮಂಜುಗಡ್ಡೆ ಕಾರ್ಖಾನೆ, ಮಂಜುಗಡ್ಡೆ ಪುಡಿ ಮಾಡುವ ಘಟಕ, ಮೀನು ಉಪ್ಪು ಹಾಕುವ ವ್ಯವಸ್ಥೆ. ಸೂರ್ಯಶಕ್ತಿ, ಗಾಳಿಶಕ್ತಿಗಳಿಂದ ವಿದ್ಯುತ್ತು ತಯಾರಿಸುವುದಕ್ಕೂ ಅವಕಾಶವಿದೆ. ಆದರೆ ಅದೇ ಪ್ರಕಟಣೆಯು ಹೊಸ ಮೀನು ಸಂಸ್ಕರಣಾ ಘಟಕಗಳನ್ನು ನಿಷೇಧಿಸಿದೆ. ಇಲ್ಲಿ ಕಣ್ಣು ತೆರೆದು ನೋಡಬೇಕು. ಊರಿನ ಬೋಟುಗಳಿಗೆ ಮಂಜುಗಡ್ಡೆ ಒದಗಿಸುವೆನೆಂದು ಅನುಮತಿ ಪಡೆದು, ಎರಡು ವರುಷದ ಮೇಲೆ ಅದೇ ಮಾಡಿನಡಿಯಲ್ಲಿ ಸಿಗಡಿ ಸುಲಿದು ಪೆಟ್ಟಿಗೆ ಕಟ್ಟಿ ಹೊರದೇಶಕ್ಕೆ ಕಳಿಸಲು ಆರಂಭಿಸಿದರೆ, ಅನುಮತಿಯ ಕಾಗದವೇ ಆತನ ವಿರುದ್ಧದ ಸಾಕ್ಷಿಯಾಗುವುದು.

ನೀರಿನ ಮಾತೂ ಇದೆ. ಒಂದು ಟನ್ನು ಮಂಜುಗಡ್ಡೆಗೆ ಒಂದು ಟನ್ನು, ಎಂದರೆ 1,000 ಲೀಟರು ಸಿಹಿನೀರು ಬೇಕು. ಹತ್ತು ಟನ್ನಿಗೆ 10,000 ಲೀಟರು, ದಿನವೂ. ಬೆಂಗ್ರೆಯಂಥ ಮರಳುನೆಲದಲ್ಲಿ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ಕೆನೆಯಂತೆ ತೇಲುತ್ತಿರುತ್ತದೆ. ಪಂಪು ಇಟ್ಟು ಎಳೆದರೆ ಕೆನೆ ಮುಗಿದು ಉಪ್ಪು ಮೇಲೇರುವುದು, ಸುತ್ತಲಿನ ಮನೆಗಳ ಬಾವಿ ಕೆಡುವುದು. ಉಬ್ಬರದ ಗೆರೆಯಿಂದ 200 ಮೀಟರಿನೊಳಗಿನ ಅಂತರ್ಜಲವನ್ನು ಪ್ರಕಟಣೆಯು ಅಲ್ಲಿ ವಾಸಿಸುವ ಜನರ ಬಳಕೆಗಷ್ಟೇ ಬಿಟ್ಟಿರುವುದು ಈ ಕಾರಣದಿಂದಲೇ. ಕಾರ್ಖಾನೆಗೆ ನೀರು ಎಲ್ಲಿಂದ ಎಂಬುದಕ್ಕೆ ಉತ್ತರವಿಲ್ಲದೆ ಯಂತ್ರಕ್ಕೆ ಮುಂಗಡ ಕೊಡಬಾರದು.

ಅರ್ಜಿಯನ್ನು ಪರಿಸರ ಇಲಾಖೆಯ ಮಂಗಳೂರಿನ ಪ್ರಾದೇಶಿಕ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸತಕ್ಕದ್ದು. ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯಲ್ಲಿ ಜಿಲ್ಲಾಮಟ್ಟದ ಸಮಿತಿಯೊಂದು ಇರಬೇಕು, ಅದರಲ್ಲಿ ಮೀನುಗಾರರೂ ಸೇರಿದಂತೆ ಕರಾವಳಿಯ ಸಾಂಪ್ರದಾಯಿಕ ಸಮುದಾಯಗಳ ಕನಿಷ್ಠ ಮೂವರು ಪ್ರತಿನಿಧಿಗಳಿರಬೇಕು ಎಂದು ನಿಯಮ. ಆ ಮೂವರು ಯಾರೆಂದು ತಮ್ಮಲ್ಲಿ ಎಷ್ಟು ಮಂದಿಗೆ ಗೊತ್ತಿದೆ? ಸ್ವಂತ ವಾಸದ ಮನೆಯ ಮಾತು ಬೇರೆ. 300 ಚದರ ಮೀಟರಿನ ಒಳಗಿನ ಮನೆಗೆ ಕರಾವಳಿ ವಲಯ ಪ್ರಾಧಿಕಾರದ ಶಿಫಾರಸು ಬೇಕಿಲ್ಲ. ಪ್ರಕಟಣೆಗೆ ಸರಿಹೊಂದುವುದೇ ಎಂದು ನೋಡಿ ಸ್ಥಳೀಯ ಸಂಸ್ಥೆಯೇ ಒಪ್ಪಿಗೆ ಕೊಡಬಹುದು. ಮನೆಯೆಂದು ಹೇಳಿ ಮಳಿಗೆ ಕಟ್ಟುವ ಉಪಾಯವನ್ನು ಯಾರಾದರೂ ಹೇಳಿಕೊಟ್ಟರೆ ಕೇಳಬೇಡಿ.

ಶಿಕ್ಷೆಯ ವಿಷಯದಲ್ಲಿ ಒಂದು ಬದಲಾವಣೆ ಆಗಿದೆ. ಹಿಂದೆ ಪರಿಸರ ಸಂರಕ್ಷಣಾ ಕಾಯಿದೆಯನ್ನು ಮೀರಿದವರಿಗೆ ಐದು ವರುಷದವರೆಗೆ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆ ಎಂದಿತ್ತು. 2023ರ ಜನವಿಶ್ವಾಸ ಕಾಯಿದೆಯ ತಿದ್ದುಪಡಿಯಿಂದ, 2024ರ ಎಪ್ರಿಲ್ 1ರಿಂದ, ಸಜೆಯ ಬದಲು 10,000ದಿಂದ 15 ಲಕ್ಷ ರೂಪಾಯಿಯವರೆಗೆ ದಂಡ ಎಂದಾಗಿದೆ. ತಪ್ಪು ಮುಂದುವರಿದರೆ ದಿನವೊಂದಕ್ಕೆ 10,000 ಸೇರುತ್ತ ಹೋಗುವುದು. ದೊಡ್ಡ ಕಂಪೆನಿಗೆ ಇದು ಹಗುರವೆಂದು ಆಕ್ಷೇಪಿಸುವವರಿದ್ದಾರೆ. ಆ ಆಕ್ಷೇಪದಲ್ಲಿ ಅರ್ಥವಿದೆ. ಆದರೆ ನಮ್ಮ ಮಂಜುಗಡ್ಡೆಯವನಿಗೆ ಒಂದು ತಿಂಗಳ ದಂಡವೇ 3 ಲಕ್ಷವಾಗುವುದು. ಜೈಲು ಇಲ್ಲವೆಂದು ಧೈರ್ಯ ತಾಳುವ ಹಾಗಿಲ್ಲ.

ಜಾಗದ ಒಪ್ಪಿಗೆ ದೊರೆತ ಮೇಲೆ ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಬಾಗಿಲು. 1974ರ ಜಲ ಕಾಯಿದೆ ಮತ್ತು 1981ರ ವಾಯು ಕಾಯಿದೆಗಳಂತೆ ಕಟ್ಟುವ ಮುನ್ನ ಸ್ಥಾಪನಾ ಸಮ್ಮತಿ, ನಡೆಸುವ ಮುನ್ನ ಚಾಲನಾ ಸಮ್ಮತಿ ಎಂದು ಎರಡು ಪತ್ರ ಬೇಕಾಗುವುದು. ಕೊಳೆಯ ಪ್ರಮಾಣ ನೋಡಿ ಕಸುಬುಗಳನ್ನು ಕೆಂಪು, ಕಿತ್ತಳೆ, ಹಸುರು, ಬಿಳಿ ಎಂದು 2016ರಲ್ಲಿ ವಿಂಗಡಿಸಿದರು. 2025ರಲ್ಲಿ ಈ ಪಟ್ಟಿಯನ್ನು ಪರಿಷ್ಕರಿಸಿದ್ದಾರೆ. ಹಳೆಯ ಪಟ್ಟಿ ತೋರಿಸಿ ಕೆಲಸ ಮಾಡಿಕೊಡುವೆನೆನ್ನುವ ದಲ್ಲಾಳಿಯಿಂದ ದೂರವಿರಿ. ತಮ್ಮ ಕಸುಬಿನ ಬಣ್ಣವನ್ನು ಮಂಡಳಿಯಲ್ಲೇ ಕೇಳಿ ತಿಳಿದುಕೊಳ್ಳಿ. ಮಂಜುಗಡ್ಡೆ ಕಾರ್ಖಾನೆಯಲ್ಲಿ ಹೊಗೆಯಿಲ್ಲ, ಏನು ಕೊಳೆ ಎಂದು ಕೇಳಬಹುದು. ಅಮೋನಿಯಾ ಅನಿಲವಿದೆ. ಕೊಳವೆ ಸೋರಿದರೆ ಕಣ್ಣು ಮೂಗು ಉರಿದು ಉಸಿರು ಕಟ್ಟುವುದು. ಮನೆಗಳು ಒತ್ತೊತ್ತಾಗಿರುವ ಊರಿನಲ್ಲಿ ಇದು ಸಣ್ಣ ವಿಷಯವಲ್ಲ. ತೊಟ್ಟಿಯ ಉಪ್ಪುನೀರನ್ನು ಕಂಡಲ್ಲಿ ಚೆಲ್ಲುವುದೂ ಸಲ್ಲದು.

ಈಗ ಇಂಧನದ ಮಾತಿಗೆ ಬರೋಣ. ಬೆಂಗ್ರೆಯವರಿಗೆ ಇದರ ಪಾಠ ಕಣ್ಣೆದುರೇ ನಡೆದಿದೆ. ನೆರೆಯ ತಣ್ಣೀರುಬಾವಿಯಲ್ಲಿ ಗುರುಪುರ ಹೊಳೆಯ ಮೇಲೆ, ತೇಲುವ ದೊಡ್ಡ ಬಾರ್ಜುಗಳಲ್ಲಿ, 220 ಮೆಗಾವಾಟಿನ ವಿದ್ಯುತ್ ಸ್ಥಾವರವೊಂದು 2001ರಲ್ಲಿ ಆರಂಭವಾಯಿತು. ಜಿ.ಎಂ.ಆರ್. ಕಂಪೆನಿಯದು. ಅದು ಉರಿಸುತ್ತಿದ್ದುದು ನಾಫ್ತಾ ಎಂಬ ಎಣ್ಣೆಯನ್ನು. ನಾಫ್ತಾದಿಂದ ತಯಾರಾದ ವಿದ್ಯುತ್ತು ಬಲು ದುಬಾರಿಯಾಯಿತು. ಕೊನೆಗೆ ಆ ಸ್ಥಾವರವನ್ನು ನೈಸರ್ಗಿಕ ಅನಿಲ ಸಿಗುವ ಆಂಧ್ರದ ಕಾಕಿನಾಡಕ್ಕೆ ಸಾಗಿಸಿದರು. ಪಣಂಬೂರಿನ ಎಂ.ಸಿ.ಎಫ್. ಗೊಬ್ಬರದ ಕಾರ್ಖಾನೆಯೂ ಹಿಂದೆ ನಾಫ್ತಾದಿಂದಲೇ ಯೂರಿಯಾ ಮಾಡುತ್ತಿತ್ತು. ಕೊಚ್ಚಿಯಿಂದ ಮಂಗಳೂರಿಗೆ ಸುಮಾರು 450 ಕಿಲೋಮೀಟರಿನ ಅನಿಲ ಕೊಳವೆಮಾರ್ಗ ಬಂದಿತು, 2021ರ ಜನವರಿ 5ರಂದು ಅದರ ಉದ್ಘಾಟನೆಯಾಯಿತು. ಕಾರ್ಖಾನೆ ಅನಿಲಕ್ಕೆ ಹೊರಳಿತು. ಯಾವ ಇಂಧನ ಅಗ್ಗ, ಯಾವುದು ಶುಚಿ, ಸರಕಾರ ಯಾವುದರ ಕಡೆ ವಾಲಿದೆ ಎಂದು ನೋಡಿ ದೊಡ್ಡವರು ಜಾಗವನ್ನೇ ಬದಲಿಸುತ್ತಾರೆ, ಇಲ್ಲವೆ ಯಂತ್ರವನ್ನೇ ಬದಲಿಸುತ್ತಾರೆ. ನಮ್ಮವನು ಬಾರ್ಜಿನಂತೆ ತೇಲಿಕೊಂಡು ಹೋಗಲಾರ. ಆದುದರಿಂದ ಲೆಕ್ಕವನ್ನು ಮೊದಲೇ ಮಾಡಬೇಕು.

ಲೆಕ್ಕ ಹೀಗೆ. ಒಂದು ಟನ್ನು ಮಂಜುಗಡ್ಡೆಗೆ ಸುಮಾರು 70 ಯೂನಿಟ್ಟು ವಿದ್ಯುತ್ತು ಹಿಡಿಯಿರಿ. ಹತ್ತು ಟನ್ನಿಗೆ 700 ಯೂನಿಟ್ಟು. ಒಂದು ಕಿಲೋವಾಟಿನ ಸೌರಫಲಕಗಳು ಬಿಸಿಲಿನ ದಿನ ಸುಮಾರು 4 ಯೂನಿಟ್ಟು ಕೊಡುವುವು, ಅದಕ್ಕೆ 100 ಚದರ ಅಡಿ ಮಾಡು ಬೇಕು. ಕಾರ್ಖಾನೆ ಪೂರ್ತಿ ಬಿಸಿಲಿನಿಂದಲೇ ನಡೆಯಬೇಕಾದರೆ 175 ಕಿಲೋವಾಟು, 17,500 ಚದರ ಅಡಿ, ಎಂದರೆ ಹೆಚ್ಚುಕಡಿಮೆ 40 ಸೆಂಟ್ಸು ಜಾಗ. ಬೆಂಗ್ರೆಯಲ್ಲಿ 40 ಸೆಂಟ್ಸು ಜಾಗವಿದ್ದವನು ಮಂಜುಗಡ್ಡೆ ಮಾಡಬೇಕಾದುದೇಕೆ! ಅವನ ಮಾಡು 2,000 ಚದರ ಅಡಿಯೆಂದರೆ 20 ಕಿಲೋವಾಟು ಕೂಡುವುದು, ದಿನಕ್ಕೆ 80 ಯೂನಿಟ್ಟು. ಬೇಕಾದುದರ ಒಂಬತ್ತರಲ್ಲಿ ಒಂದು ಪಾಲು. ಸೌರಫಲಕ ಹಾಕಿದರೆ ಕರೆಂಟು ಬಿಲ್ಲೇ ಇಲ್ಲವೆಂದು ಮಾರಾಟಗಾರರು ಹೇಳಿದಾಗ ಈ ಲೆಕ್ಕವನ್ನು ಅವರ ಮುಂದಿಡಿ.

ಹಾಗೆಂದು ಒಂಬತ್ತನೆಯ ಒಂದು ಪಾಲು ನಿಕೃಷ್ಟವಲ್ಲ, ಅದು ತಿಂಗಳು ತಿಂಗಳೂ ಉಳಿಯುವ ಹಣ. ಮೆಸ್ಕಾಂನಿಂದ ನೆಟ್ ಮೀಟರು ಹಾಕಿಸಿಕೊಂಡರೆ, ಹಗಲು ಹೆಚ್ಚಾದ ವಿದ್ಯುತ್ತು ತಂತಿಗೆ ಹೋಗಿ ಲೆಕ್ಕಕ್ಕೆ ಜಮೆಯಾಗುವುದು. ವರಮಾನ ತೆರಿಗೆ ಕೊಡುವ ಕಸುಬುದಾರರಿಗೆ ಸೌರಯಂತ್ರದ ಮೇಲೆ ವರ್ಷಕ್ಕೆ ನೂರಕ್ಕೆ 40ರಂತೆ ಸವಕಳಿ ಕಳೆಯುವ ಸೌಲಭ್ಯವೂ ಉಂಟು. ಸೌರವಿದ್ಯುತ್ತು ಬಿಳಿ ವರ್ಗಕ್ಕೆ ಸೇರಿರುವುದರಿಂದ ಅದಕ್ಕಾಗಿ ಮಂಡಳಿಯ ಬೇರೆ ಸಮ್ಮತಿ ಪತ್ರ ಬೇಕಿಲ್ಲ. ಕಡಲಗಾಳಿಯ ಉಪ್ಪು ಮಾತ್ರ ಶತ್ರು. ಫಲಕ ನಿಲ್ಲಿಸುವ ಕಬ್ಬಿಣಕ್ಕೆ ಒಳ್ಳೆಯ ಸತುವಿನ ಲೇಪ ಇರಬೇಕು, ಬೋಲ್ಟುಗಳು ತುಕ್ಕು ಹಿಡಿಯದ ಉಕ್ಕಿನವು ಆಗಬೇಕು, ಕಾಲಕಾಲಕ್ಕೆ ಸಿಹಿನೀರಿನಿಂದ ತೊಳೆಯಬೇಕು. ಇನ್ನೊಂದು ವಿಚಾರ: ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆ 61 ದಿನ ಬಿಸಿಲೂ ಇಲ್ಲ, ಮಂಜುಗಡ್ಡೆಗೆ ಬೇಡಿಕೆಯೂ ಅಷ್ಟಿಲ್ಲ. ಎರಡೂ ಒಟ್ಟಿಗೇ ಮಲಗುವುದು ಮಂಜುಗಡ್ಡೆಯವನಿಗೆ ಅನುಕೂಲವೇ.

ಆದರೆ ಸೌರಫಲಕಕ್ಕಿಂತ ಮೊದಲು ಉಪ್ಪುನೀರಿನ ತೊಟ್ಟಿಯ ಗೋಡೆಗೆ ದಪ್ಪನಾದ ತಡೆ ಹಾಸಿ, ತಂಪು ಸೋರದಂತೆ ಮಾಡಬೇಕು. ಕಂಡೆನ್ಸರಿನೊಳಗೆ ಕಟ್ಟಿದ ಸುಣ್ಣದ ಹೊಪ್ಪಳೆ ತೆಗೆಸಬೇಕು. ಈ ಹಳೆಯ ಕೆಲಸಗಳಿಗೆ ಖರ್ಚು ಕಡಿಮೆ, ಉಳಿತಾಯ ಕೂಡಲೆ. ಬಂಡವಾಳಕ್ಕೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಡಿ ಮಂಜುಗಡ್ಡೆ ಕಾರ್ಖಾನೆಗಳಿಗೆ ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಮಹಿಳೆಯರಿಗೂ ಪರಿಶಿಷ್ಟರಿಗೂ ನೂರಕ್ಕೆ 60ರಂತೆ ಸಹಾಯಧನ ಗೊತ್ತುಪಡಿಸಲಾಯಿತು. ಯಾವ ವರುಷಕ್ಕೆ ಅರ್ಜಿ ತೆರೆದಿದೆಯೆಂಬುದನ್ನು ಮೀನುಗಾರಿಕೆ ಇಲಾಖೆಯಲ್ಲಿ ಕೇಳಿ. ಹೆಂಡತಿಯ ಬಂಗಾರ ಹಾಕುವುದಾದರೆ ಕಾರ್ಖಾನೆಯೂ ಆಕೆಯ ಹೆಸರಿನಲ್ಲಿದ್ದರೆ ತಪ್ಪೇನು?

ಮನೆಯ ಮಾಡಿನ ಮೇಲಿನ ಸೌರಫಲಕಕ್ಕೆ 2024ರಲ್ಲಿ ಬಂದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವಾಟಿಗೆ ತಲಾ 30,000, ಮೂರನೆಯದಕ್ಕೆ 18,000, ಒಟ್ಟು 78,000 ರೂಪಾಯಿ ಮಿತಿಯ ಸಹಾಯಧನ ನಿಗದಿಯಾಯಿತು. ಇದು ವಾಸದ ಮನೆಗೆ ಮಾತ್ರ, ಅಂಗಡಿಗಲ್ಲ, ಕಾರ್ಖಾನೆಗಲ್ಲ.

ದೋಣಿಗಳ ಎಂಜಿನ್ನಿನ ವಿಷಯವೂ ಇದೇ ದಾರಿ ಹಿಡಿದಿದೆ. ನಾಡದೋಣಿಗಳು ಬಹುಕಾಲ ಸಬ್ಸಿಡಿ ಸೀಮೆಎಣ್ಣೆಯನ್ನು ನಂಬಿಕೊಂಡಿದ್ದವು. ಸೀಮೆಎಣ್ಣೆಯ ಹಂಚಿಕೆ ವರುಷದಿಂದ ವರುಷಕ್ಕೆ ಕುಗ್ಗಿತು. ರಾಜ್ಯದ 2023ರ ಜುಲೈ ಬಜೆಟ್ಟಿನಲ್ಲಿ, ಸೀಮೆಎಣ್ಣೆ ಎಂಜಿನ್ನನ್ನು ಪೆಟ್ರೋಲು ಇಲ್ಲವೆ ಡೀಸೆಲಿಗೆ ಬದಲಿಸಲು ದೋಣಿಯೊಂದಕ್ಕೆ 50,000 ರೂಪಾಯಿ ಸಹಾಯಧನ ಸಾರಿದರು. ಇನ್ನೂ ಒಂದು ಹೆಜ್ಜೆ ಮುಂದೆ ಕೇರಳದವರು ಇಟ್ಟಿದ್ದಾರೆ. ವೈಕಂನಿಂದ ತವಣಕ್ಕಡವಿಗೆ 2017ರ ಜನವರಿಯಿಂದ 'ಆದಿತ್ಯ' ಎಂಬ 75 ಜನರ ಪ್ರಯಾಣಿಕ ದೋಣಿ ಬಿಸಿಲಿನಿಂದಲೇ ಓಡಲಾರಂಭಿಸಿತು. ಬಂದರಿನಿಂದ ಬೆಂಗ್ರೆಗೆ ದಾಟುವ ಹಾದಿ ಅದಕ್ಕಿಂತ ಉದ್ದವೇನಲ್ಲ. ಹೊಳೆ ದಾಟಿ ಶಾಲೆಗೆ, ಪೇಟೆಗೆ ಹೋಗುವವರು ಈ ಮಾತನ್ನು ಎತ್ತಬಹುದಾಗಿದೆ.

ಕಾಯಿದೆಯೆಂದರೆ ಸಣ್ಣವರ ಕೈಕಟ್ಟುವ ಹಗ್ಗವೆಂದು ಹಲವರ ದೂರು. ಅದಕ್ಕೆ ಇನ್ನೊಂದು ಕೊನೆಯೂ ಇದೆ. ಸಾಗರಮಾಲಾ ಯೋಜನೆಯಡಿ ಬೆಂಗ್ರೆಯ ಹೊಳೆದಂಡೆಯಲ್ಲಿ ಸರಕು ಹಡಗುಗಳ ದಕ್ಕೆಯ ಕೆಲಸ ಕೈಗೆತ್ತಿಕೊಂಡಾಗ, 2022ರ ಸುಮಾರಿಗೆ, ಅಲ್ಲಿನ ನಾಡದೋಣಿಯವರು ತಮ್ಮ ದೋಣಿ ನಿಲ್ಲಿಸುವ ತಾಣ ಹೋಗುವುದೆಂದು ಪ್ರತಿಭಟಿಸಿದರು. ಇಂಥ ಸಂದರ್ಭದಲ್ಲಿ ಘೋಷಣೆ ಕೂಗುವುದರ ಜೊತೆಗೆ ಕೇಳಬೇಕಾದ ಪ್ರಶ್ನೆಗಳಿವೆ: ಕರಾವಳಿ ವಲಯದ ಅನುಮತಿ ಪತ್ರ ಎಲ್ಲಿ? ಅದರಲ್ಲಿ ಹಾಕಿರುವ ಷರತ್ತುಗಳೇನು? ಮರುವಾಯಿ ಹೆಕ್ಕುವ ಜಾಗ, ದೋಣಿ ಕಟ್ಟುವ ಜಾಗ ನಕ್ಷೆಯಲ್ಲಿ ಗುರುತಾಗಿದೆಯೆ? ದೊಡ್ಡ ಯೋಜನೆಗಳಿಗೆ 2006ರ ಸೆಪ್ಟೆಂಬರ್ 14ರ ಪ್ರಕಟಣೆಯಂತೆ ಸಾರ್ವಜನಿಕ ಅಹವಾಲು ಸಭೆ ಬೇಕಾದಲ್ಲಿ 30 ದಿನ ಮೊದಲೇ ಪತ್ರಿಕೆಯಲ್ಲಿ ಸೂಚನೆ ಹಾಕಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು. ಅನುಮತಿ ತಪ್ಪಾಗಿದೆಯೆಂದು ಕಂಡರೆ 2010ರ ಕಾಯಿದೆಯಿಂದ ಹುಟ್ಟಿದ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠಕ್ಕೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ತಕ್ಕ ಕಾರಣವಿದ್ದರೆ ಇನ್ನೂ 60 ದಿನ ಅವಕಾಶ ಕೊಡಬಹುದು. ಆಮೇಲೆ ಬಾಗಿಲು ಮುಚ್ಚುವುದು. ದಿನ ತಪ್ಪಿಸಿಕೊಂಡು ಕಷ್ಟಕ್ಕೆ ಸಿಕ್ಕಿದ ಊರುಗಳು ದೇಶದಲ್ಲಿ ಕಡಿಮೆಯಿಲ್ಲ. ಆದರೆ ಪರವಾನಗಿಯಿಲ್ಲದೆ ತಾನೇ ಗೋಡೆ ಎಬ್ಬಿಸಿದವನು ಅಲ್ಲಿ ನಿಂತು ಇನ್ನೊಬ್ಬರ ಪರವಾನಗಿ ಕೇಳಿದರೆ, ಎದುರಿನ ವಕೀಲರು ಮೊದಲು ಅವನ ಗೋಡೆಯನ್ನೇ ತೋರಿಸುವರು.

ಬೋಟುಗಳು ದಡದಲ್ಲಿರುವ ಮಳೆಗಾಲದ ಎರಡು ತಿಂಗಳು ಕಚೇರಿಯ ಕೆಲಸಕ್ಕೆ ಒಳ್ಳೆಯ ಸಮಯ. ಹೋಗುವಾಗ ಜಾಗದ ದಾಖಲೆ, ಸರ್ವೆ ನಂಬ್ರ ತೋರಿಸುವ ನಕ್ಷೆ, ಕಟ್ಟಡದ ಪ್ಲಾನು, ನೀರು ಎಲ್ಲಿಂದ ಕರೆಂಟು ಎಷ್ಟು ಎಂಬ ಲೆಕ್ಕದ ಹಾಳೆ ಇವಿಷ್ಟನ್ನು ಎರಡೆರಡು ಪ್ರತಿ ಮಾಡಿಕೊಂಡು ಹೋಗಿ. ಅರ್ಜಿ ಕೊಟ್ಟರೆ ತಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಮೊಹರು, ತಾರೀಕು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.